ದೊರೆಯ ಓಟದ ಕಾರಿಗೆ ಕಿವಿಗೊಟ್ಟಿದ್ದು

ಹಳೇ ಮೋಟಾರು ಕೊಳ್ಳಲು ಹೋದವನು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಅಲ್ಲಿಂದಲೇ ವಾಪಸು ಬರಬಹುದು. ನೀವು ಬರುವ ಮುಂಚೆಯೇ ಯಾರೋ ಅದನ್ನು ಓಡಿಸಿ ಕಾಯಿಸಿಟ್ಟಿದ್ದಾರೆ ಎಂದರೆ, ತಣ್ಣಗಿದ್ದಾಗ ಅದು ಸ್ಟಾರ್ಟ್ ಆಗುವ ಚಂದ ನಿಮ್ಮ ಕಣ್ಣಿಗೆ ಬೀಳಬಾರದು ಎಂದೇ ಅರ್ಥ. ಆ ಭಾನುವಾರ ಬೆಳಿಗ್ಗೆ ಗಣಿಯ ಬಿಳಿ ದೊರೆಯೊಬ್ಬನ ಬಂಗಲೆಯ ಶೆಡ್ಡಿನಲ್ಲಿ ನಾನು ಕೈ ಇಟ್ಟಾಗ ಬಾನೆಟ್ಟು ತಣ್ಣಗಿತ್ತು. ನನಗೆ ಸಂತೋಷವೇ ಆಯಿತು. ಆ ಕಾರಿನಿಂದ ನನಗಾದ ಸಂತೋಷ ಹೆಚ್ಚುಕಮ್ಮಿ ಅಷ್ಟೇ.

ನಾನು ಆಗ ಕೋಲಾರದ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರು. ಎರಡನೇ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇತ್ತು. ಗಾಳಿ ಒತ್ತುವ ಕಂಪ್ರೆಸರು, ನೀರೆತ್ತುವ ಪಂಪು, ಇವು ನನ್ನ ಪಾಲಿನ ಕೆಲಸ. ಭಾನುವಾರ ಮಾತ್ರ ಊರವರ ಮೋಟಾರ್ ಸೈಕಲ್ಲು, ಕಾರುಗಳಿಗೆ ಕೈ ಹಾಕುತ್ತಿದ್ದೆ. ಮಾರಿಕುಪ್ಪಂ ಕಡೆ ನಾವಿದ್ದ ಸಾಲುಮನೆಗಳಲ್ಲಿ ಪಕ್ಕದಲ್ಲೇ ಒಬ್ಬ ಡ್ರಿಲ್ಲರು ಇದ್ದ. ನೆಲದಡಿಯಲ್ಲಿ ಬಂಡೆಗೆ ತೂತು ಕೊರೆಯುವವನು. ಹೆಂಡತಿ, ಒಂದು ಕೂಸು. ಮೂವತ್ತು ತುಂಬಿರದ ಆಳು, ನೀರಿನ ಕೊಡ ಹೊತ್ತು ಬಂದರೆ ಬಾಗಿಲ ಹತ್ತಿರ ಕೊಡ ಇಳಿಸಿ ಗೋಡೆ ಹಿಡಿದು ನಿಲ್ಲುತ್ತಿದ್ದ. ಕೆಮ್ಮು ಬಂದರೆ ಮುಗಿಯುತ್ತಲೇ ಇರಲಿಲ್ಲ.

ಅವನು ಗಣಿಯ ಆಸ್ಪತ್ರೆಗೆ ಹೋಗದೆ, ಪೇಟೆಯ ಒಬ್ಬ ಡಾಕ್ಟರಿಗೆ ಗುಟ್ಟಾಗಿ ತೋರಿಸಿಕೊಂಡು ಬಂದಿದ್ದ. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ, ಇನ್ನು ಕೆಳಗೆ ಇಳಿಯಬೇಡ, ಮೇಲಿನ ಗಾಳಿಯಲ್ಲಿ ಯಾವುದಾದರೂ ಕೆಲಸ ನೋಡಿಕೋ ಎಂದರಂತೆ ಡಾಕ್ಟರು. ಹೇಳುವುದು ಸುಲಭ. ಗಣಿ ಬಿಟ್ಟರೆ ಮನೆಯೂ ಬಿಡಬೇಕು. ಒಮ್ಮೆ ಹೆಸರು ಹೊಡೆಸಿಕೊಂಡು ಹೊರಗೆ ಬಂದವನು ಮತ್ತೆ ಸೇರಬೇಕೆಂದರೆ ಎದೆ ಪರೀಕ್ಷೆಗೆ ನಿಲ್ಲಬೇಕು. ಆ ಎದೆಗೆ ಯಾರು ಚೀಟಿ ಕೊಡುತ್ತಾರೆ?

ಅವನ ಅಪ್ಪ ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ಜಟಕಾ ಹೊಡೆಯುತ್ತಿದ್ದವರು. ಈಗಿನ ಬಂಗಾರಪೇಟೆಗೆ ಆಗ ಅದೇ ಹೆಸರು. ಕಾಮಸಮುದ್ರದ ಕಡೆಯ ಒಕ್ಕಲು ಮನೆತನ, ಚೂರುಪಾರು ಹೊಲ ಅಣ್ಣತಮ್ಮಂದಿರ ಪಾಲಾಗಿ ಇವರ ಕೈಗೆ ಕುದುರೆಯ ಲಗಾಮು ಬಂದಿತ್ತು. ಮಗನ ಕೆಮ್ಮು ಕೇಳಿದಾಗಿನಿಂದ ಮುದುಕರ ತಲೆಯಲ್ಲಿ ಒಂದೇ ಯೋಚನೆ. ಕುದುರೆ, ಗಾಡಿ ಎರಡನ್ನೂ ಮಾರಿ ಒಂದು ಹಳೇ ಕಾರು ತರುವುದು, ಮಗ ಅದನ್ನು ಸ್ಟೇಷನ್ನಿನ ಮುಂದೆ ಬಾಡಿಗೆಗೆ ಓಡಿಸುವುದು. ಮಗನಿಗೆ ಡ್ರೈವಿಂಗ್ ಬರುತ್ತಿತ್ತು, ಗಣಿಯ ಲಾರಿ ಡ್ರೈವರೊಬ್ಬನ ಸ್ನೇಹದಲ್ಲಿ ಕಲಿತಿದ್ದ. ಆದರೆ ದೊಡ್ಡ ಕಾರು ಇವರ ಕೈಗೆ ಎಟುಕುವಂತಿರಲಿಲ್ಲ. ಅಷ್ಟರಲ್ಲಿ ಗಣಿಯ ಸರ್ವೆ ಕೆಲಸದ ಒಬ್ಬ ಎಳೆಯ ದೊರೆ ಊರು ಬಿಟ್ಟು ತನ್ನ ಸೀಮೆಗೆ, ಇಂಗ್ಲೆಂಡಿಗೆ, ಹೊರಟಿದ್ದಾನೆ, ಅವನ ಓಟದ ಕಾರು ಮಾರಾಟಕ್ಕಿದೆ ಎಂದು ಸುದ್ದಿ ಬಂತು. ಮುಂದೆ ಎರಡೇ ಸೀಟು, ಸಂಸಾರಸ್ಥರು ಯಾರೂ ಕೇಳುವವರಿಲ್ಲ, ಅದಕ್ಕೇ ಅಗ್ಗ. ಹಿಂದುಗಡೆ ಒಂದು ಮುಚ್ಚಳ ಎತ್ತಿದರೆ ಅಲ್ಲಿ ಇನ್ನೊಂದು ಸೀಟು ಬಿಚ್ಚಿಕೊಳ್ಳುತ್ತಿತ್ತು. ಡ್ರೈವರನ ಪಕ್ಕ ಒಬ್ಬರು, ಹಿಂದೆ ಇಬ್ಬರು, ಬಾಡಿಗೆಗೆ ಸಾಕು ಎಂದು ಮುದುಕರು ಲೆಕ್ಕ ಹಾಕಿದರು. ನೋಡಿ ಹೇಳುವ ಕೆಲಸ ನನಗೆ ಬಂತು.

“ಮೇಸ್ತ್ರೀ, ನೀನು ಊಂ ಅಂದ್ರೆ ಊಂ, ಊಹೂಂ ಅಂದ್ರೆ ಊಹೂಂ,” ಅಂದರು ಮುದುಕರು. “ನಂಗೆ ಕುದ್ರೆ ಆದ್ರೆ ಹಲ್ಲು ನೋಡ್ತೀನಿ, ಸುಳಿ ನೋಡ್ತೀನಿ. ಇದಕ್ಕೆ ಸುಳಿ ಎಲ್ಲಿರ್ತದೋ ನಾ ಕಾಣೆ.”

ಆದರೂ ಸುಮ್ಮನಿದ್ದರೆ? ಶೆಡ್ಡಿಗೆ ಬಂದದ್ದೇ ಕಾರಿನ ಸುತ್ತ ಪ್ರದಕ್ಷಿಣೆ ಬಂದರು. ಕಡ್ಡಿಚಕ್ರಗಳನ್ನು ಮುಟ್ಟಿದರು, ಬಾನೆಟ್ಟಿಗೆ ಕಟ್ಟಿದ ತೊಗಲಿನ ಪಟ್ಟಿ ನೋಡಿ “ಇದಕ್ಕೂ ಜೀನು ಬಿಗಿದವ್ರೆ ನೋಡ್ಲಾ,” ಎಂದು ಮಗನಿಗೆ ತೋರಿಸಿದರು. ಕಡುಹಸಿರು ಬಣ್ಣದ, ಮೂತಿ ಉದ್ದದ, ನೆಲಕ್ಕೆ ಅವುಚಿಕೊಂಡ ಕಾರು. ಸುಂದರವಾಗಿತ್ತು, ಸುಳ್ಳೇಕೆ ಹೇಳಲಿ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಎಂಬ ಗಾದೆಯನ್ನು ಇಂಥ ಹೊತ್ತಿನಲ್ಲಿ ನಾನು ಮನಸ್ಸಿನಲ್ಲಿ ಜಪ ಮಾಡುತ್ತೇನೆ.

ದೊರೆ ಚರ್ಚಿಗೆ ಹೋಗಿದ್ದ. ಅವನ ಡ್ರೈವರು, ತಮಿಳಿನವನು, ಪಕ್ಕದಲ್ಲಿ ನಿಂತು ಕಾರಿನ ಗುಣಗಾನ ಮಾಡುತ್ತಿದ್ದ. ಅವನಿಗೆ ಒಂದು ಸ್ಟೂಲು ತೋರಿಸಿ ಕೂತುಕೋ ಎಂದೆ. ಮಾರುವವನ ಬಾಯಿ ಮುಚ್ಚಿಸಿದರೆ ಮಾತ್ರ ಯಂತ್ರದ ಬಾಯಿ ಕೇಳಿಸುತ್ತದೆ.

ಸ್ವಿಚ್ಚು ಹಾಕದೆ, ಮುಂದಿನಿಂದ ಹ್ಯಾಂಡಲು ಕೊಟ್ಟು ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದೆ. ನಾಲ್ಕು ಸಿಲಿಂಡರು. ಪ್ರತಿಯೊಂದಕ್ಕೂ ಒಮ್ಮೆ ಹ್ಯಾಂಡಲು ಬಿಗಿಯಾಗಿ ಕೈಗೆ ಒದೆಯಬೇಕು. ಮೂರು ಕಡೆ ಒದೆಯಿತು, ಒಂದು ಕಡೆ ಮೆತ್ತಗಾಯಿತು. ಪ್ಲಗ್ಗು ಬಿಚ್ಚಿ ಒಂದೊಂದಾಗಿ ನೋಡಿದರೆ ಮೆತ್ತಗಿದ್ದದ್ದು ಮೂರನೆಯದು. ಆ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿದೆ. ಈಗ ಬಿಗಿ ಬಂತು. ಎಣ್ಣೆ ಬಿಟ್ಟ ಮೇಲೂ ಮೆತ್ತಗಿದ್ದರೆ ವಾಲ್ವಿನ ದೋಷ, ಬಿಗಿಯಾದರೆ ಪಿಸ್ಟನ್ನಿನ ರಿಂಗು, ಸಿಲಿಂಡರಿನ ಗೋಡೆ ಸವೆದಿದೆ ಎಂದು ಲೆಕ್ಕ. ಇದು ಸವೆತ. ಆದರೆ ಮೂರು ಬಿಟ್ಟು ಒಂದೇ ಯಾಕೆ ಇಷ್ಟು ಸವೆಯಿತು ಎಂಬುದು ನನ್ನ ತಲೆಯಲ್ಲಿ ಉಳಿಯಿತು.

ಆಮೇಲೆ ರೇಡಿಯೇಟರಿನ ನೀರು ನೋಡಿದೆ, ಎಣ್ಣೆಯ ಜಿಡ್ಡು ತೇಲುತ್ತಿರಲಿಲ್ಲ. ಮುಂದಿನ ಚಕ್ರಗಳಿಗೆ ಜಾಕಿ ಕೊಟ್ಟು ಅಲ್ಲಾಡಿಸಿದೆ, ಸ್ಟೇರಿಂಗಿನಲ್ಲಿ ಸಡಿಲ ಇತ್ತು, ಆದರೆ ಬಿಗಿಯಬಹುದಾದ ಸಡಿಲ. ಸ್ಪ್ಯಾನರಿನಿಂದ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಡಿದೆ. ಬಿಗಿ ಕಡ್ಡಿ ಠಣ್ ಅನ್ನುತ್ತದೆ, ಮುರಿದದ್ದು ಠಪ್ ಅನ್ನುತ್ತದೆ. ಕೆಲವು ಠಪ್ ಅಂದವು. ಹುರಿ ಹಿಡಿದು ಮುಂದಿನ ಅಚ್ಚಿನ ತುದಿಯಿಂದ ಹಿಂದಿನ ಅಚ್ಚಿನ ತುದಿಗೆ ಮೂಲೆಯಿಂದ ಮೂಲೆಗೆ ಅಳೆದೆ. ಕಾರು ಎಲ್ಲಾದರೂ ಗುದ್ದಿಸಿಕೊಂಡಿದ್ದರೆ ಎರಡು ಅಳತೆ ಕೂಡುವುದಿಲ್ಲ. ಕೂಡಿದವು.

ಕಾರ್ಬ್ಯುರೇಟರಿನ ಬಾಯಿಗೆ ಜಾಲರಿ ಇರಲಿಲ್ಲ. ಗಾಳಿ ಎಳೆದುಕೊಳ್ಳುವ ಆ ಬಾಯಿ ‘ಆ’ ಅಂತ ತೆರೆದುಕೊಂಡಿತ್ತು. ಡ್ರೈವರನನ್ನು ಕೇಳಿದೆ.

“ಅದ್ ಇದ್ರೆ ಸ್ಪೀಡು ಕಮ್ಮಿ ಆಗ್ತದಂತೆ. ವೇಂಡಾಂ ಅಂತ ದೊರೆನೇ ತೆಗ್ದಾಕಿದ್ರು. ಬೆಂಗ್ಳೂರ್ ರೇಸಲ್ಲಿ ಕಪ್ಪು ಗೆದ್ದೈತೆ ಈ ಗಾಡಿ, ತೆರಿಯುಮಾ?”

ಕಪ್ಪಿನ ವಿಷಯ ಬೇಡ ಎಂದೆ. ಎಂಜಿನ್ನು ಸ್ಟಾರ್ಟ್ ಮಾಡಿಸಿದೆ. ಒಂದೇ ಹ್ಯಾಂಡಲಿಗೆ ಎದ್ದಿತು. ಸ್ವಲ್ಪ ನೀಲಿ ಹೊಗೆ ಬಂತು, ಸವೆದ ಸಿಲಿಂಡರಿಗೆ ಅದು ಸಹಜ. ನನ್ನ ಹತ್ತಿರ ಒಂದು ಉಕ್ಕಿನ ಸಲಾಕೆ ಇರುತ್ತಿತ್ತು. ಒಂದು ತುದಿ ಎಂಜಿನ್ನಿನ ಮೈಗೆ, ಇನ್ನೊಂದು ತುದಿ ಕಿವಿಯ ಎಲುಬಿಗೆ. ಒಳಗೆ ನಡೆಯುವುದೆಲ್ಲ ಅದರಲ್ಲಿ ಇಳಿದು ಬರುತ್ತದೆ. ವಾಲ್ವುಗಳ ಟಿಕ್ ಟಿಕ್ ಬಂತು, ಹಲ್ಲುಚಕ್ರಗಳ ಗುಂಯ್ ಬಂತು. ಅದರ ಹಿಂದೆ ಧಪ್, ಧಪ್ ಅನ್ನುವ ಗುದ್ದೂ ಇತ್ತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಯಾಕೆ ಎಂದು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಆ ಬಂಗಲೆಯ ಹಿಂದೆಯೇ ಮಿಲ್ಲು. ಅಲ್ಲಿ ಚಿನ್ನದ ಅದಿರನ್ನು ಕಬ್ಬಿಣದ ಒನಕೆಗಳು ಹಗಲೂ ರಾತ್ರಿ ಕುಟ್ಟುತ್ತಿದ್ದವು. ಅದರ ಗುದ್ದು ಗಾಳಿಯಲ್ಲಷ್ಟೇ ಅಲ್ಲ, ನೆಲದಲ್ಲೂ ಬರುತ್ತಿತ್ತು, ಚೊಂಬಿನ ನೀರು ಅದಕ್ಕೆ ನಡುಗುತ್ತಿತ್ತು. ಹೊಸಬರಿಗೆ ಅಲ್ಲಿ ನಿದ್ದೆ ಬರುತ್ತಿರಲಿಲ್ಲ. ನಮಗೆ ಮಿಲ್ಲು ನಿಂತರೆ ನಿದ್ದೆ ಬರುತ್ತಿರಲಿಲ್ಲ. ಹುಟ್ಟಿದ ಕೂಸಿಗೂ ಜೋಗುಳ ಅದೇ. ಹಾಗಾಗಿ ಧಪ್ ಧಪ್ ಅನ್ನುವುದು ನಮ್ಮ ಕಿವಿಗೆ ಸದ್ದೇ ಅಲ್ಲ. ಸಲಾಕೆಯಲ್ಲಿ ಅದು ಬಂದಾಗ ಮಿಲ್ಲಿನದು ನೆಲದಿಂದ ಹತ್ತಿ ಬರುತ್ತಿದೆ ಎಂದುಕೊಂಡು ಬದಿಗಿಟ್ಟೆ. ಹಾಗೆ ಅಂದುಕೊಂಡೆ ಎನ್ನುವುದೂ ತಪ್ಪು, ಅಂದುಕೊಳ್ಳುವ ಗೋಜಿಗೇ ಹೋಗಲಿಲ್ಲ.

“ಎಂಗೈತೆ?” ಎಂದು ಕೇಳಿದ ಮಗ.

“ರಿಂಗು ಹಾಕಬೇಕು, ಕಡ್ಡಿ ಬದಲಾಯಿಸಬೇಕು. ಓಡಿಸಿ ನೋಡೋಣ,” ಅಂದೆ.

ಅಷ್ಟಕ್ಕೇ ಮುದುಕರು ಶೆಡ್ಡಿನ ನೆಲ ಮುಟ್ಟಿ ನಮಸ್ಕಾರ ಮಾಡಿದರು. ಮಗ ಸೀಟಿನಲ್ಲಿ ಕೂತು ಸ್ಟೇರಿಂಗು ಹಿಡಿದು, ಬಾಗಿಲು ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿದ. ಆ ಮುಖದಲ್ಲಿ ಅಂಥ ನಗು ನಾನು ಮೊದಲು ನೋಡಿರಲಿಲ್ಲ. ಅವಸರ ಬೇಡ ಎಂದು ಗದರಬೇಕು ಅನ್ನಿಸಿತು, ಗದರಲಿಲ್ಲ.

ವಾರದ ನಡುವೆ ಒಂದು ಮಧ್ಯಾಹ್ನ, ನಮ್ಮಿಬ್ಬರ ಪಾಳಿ ಮುಗಿದ ಮೇಲೆ, ದೊರೆ ಕಾರನ್ನು ರಸ್ತೆಗೆ ಕೊಟ್ಟ, ಡ್ರೈವರು ಜೊತೆಗಿರಬೇಕು ಎಂಬ ಷರತ್ತಿನ ಮೇಲೆ. ಡ್ರೈವರು ಹಿಂದಿನ ಸೀಟಿನಲ್ಲಿ ರಾಜನಂತೆ ಕೂತ. ಮಗ ಓಡಿಸಿದ, ನಾನು ಪಕ್ಕದಲ್ಲಿ. ಬೌರಿಂಗ್‌ಪೇಟೆಯ ರಸ್ತೆ ಹಿಡಿದೆವು. ಗೇರು ಮೂರೂ ಸರಿಯಾಗಿ ಬೀಳುತ್ತಿದ್ದವು. ಏರಿನಲ್ಲಿ ಎಳೆಯಿತು, ಇಳಿಜಾರಿನಲ್ಲಿ ಬ್ರೇಕು ಒಂದು ಬದಿಗೆ ಎಳೆದರೂ ನಿಂತಿತು. ಆದರೆ ಎಂಜಿನ್ನು ಕಾದಂತೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತಾ ಬಂತು. ಮೊದಮೊದಲು ನಾನು ಅದನ್ನೇ ನೋಡುತ್ತಿದ್ದೆ, ಆಮೇಲೆ ನೋಡುವುದಕ್ಕೆ ಮನಸ್ಸಾಗಲಿಲ್ಲ.

ಸ್ಟೇಷನ್ನಿನ ಮುಂದೆ ಹುಣಿಸೆಮರದ ಕೆಳಗೆ ಜಟಕಾ ಸ್ಟ್ಯಾಂಡು. ಮುದುಕರು ಗಾಡಿಯಿಂದ ಇಳಿದು ನಿಂತೇ ಇದ್ದರು. ಉಳಿದ ಜಟಕಾದವರೆಲ್ಲ ಕಾರಿನ ಸುತ್ತ ನೆರೆದರು.

“ಏನ್ಲಾ, ದೊರೆ ಆಗೋದ್ಯಲ್ಲಾ!” ಎಂದು ಒಬ್ಬ ಮುದುಕರ ಬೆನ್ನಿಗೆ ಗುದ್ದಿದ. “ಉಲ್ಲು ಆಕೋದು ತಪ್ತು, ಲದ್ದಿ ಬಾಚೋದೂ ತಪ್ತು ಬಿಡು.”

“ನಾನಲ್ಲ ಕಣ್ಲಾ, ನನ್ ಮಗ ದೊರೆ,” ಅಂದರು ಮುದುಕರು.

ಎಂಜಿನ್ನು ನಿಧಾನಕ್ಕೆ ಓಡುತ್ತಿತ್ತು. ರೈಲು ಯಾವುದೂ ಇರಲಿಲ್ಲ. ಮರದ ಮೇಲೆ ಕಾಗೆ ಕೂಗಿದ್ದು ಬಿಟ್ಟರೆ ಎಲ್ಲ ನಿಶ್ಶಬ್ದ. ನಾನು ಸಲಾಕೆ ತೆಗೆದು ಕಿವಿಗಿಟ್ಟೆ.

ಧಪ್. ಧಪ್. ಧಪ್.

ಮೊದಲು ನನಗೆ ಏನೂ ಅನ್ನಿಸಲಿಲ್ಲ, ದಿನಾ ಕೇಳುವ ಗುದ್ದು. ಆಮೇಲೆ ಹೊಳೆಯಿತು. ಇಲ್ಲಿ ಮಿಲ್ಲಿಲ್ಲ! ಮಿಲ್ಲನ್ನು ಎಷ್ಟೋ ಮೈಲಿ ಹಿಂದೆ ಬಿಟ್ಟು ಬಂದಿದ್ದೇವೆ.

ಮರದ ಹಿಡಿಯ ಸ್ಕ್ರೂಡ್ರೈವರು ತೆಗೆದು ಪ್ಲಗ್ಗುಗಳ ಕಿಡಿಯನ್ನು ಎಂಜಿನ್ನಿನ ಮೈಗೆ ಹಾಯಿಸಿ ಒಂದೊಂದಾಗಿ ಕೊಂದೆ. ಮೊದಲನೆಯದನ್ನು ಕೊಂದಾಗ ಗುದ್ದು ಹಾಗೇ ಇತ್ತು. ಎರಡನೆಯದಕ್ಕೂ ಇತ್ತು. ಮೂರನೆಯದನ್ನು ಕೊಂದಾಗ ನಿಂತಿತು. ಬಿಟ್ಟರೆ ಮತ್ತೆ ಶುರು. ಮೂರನೇ ಪಿಸ್ಟನ್ನಿನ ಕೋಲು ಕ್ರ್ಯಾಂಕನ್ನು ಹಿಡಿಯುವ ಜಾಗದ ಬೇರಿಂಗು ಹೋಗಿದೆ. ಪಿಸ್ಟನ್ನುಗಳ ಮೇಲೆ-ಕೆಳಗಿನ ಓಟವನ್ನು ಚಕ್ರದ ಓಟವಾಗಿ ಬದಲಿಸುವ ಅಚ್ಚೇ ಕ್ರ್ಯಾಂಕು. ಎಂಜಿನ್ನಿನ ಬೆನ್ನೆಲುಬು ಅದೇ.

ಫಿಟ್ಟರು ಎಂದು ಎದೆ ತಟ್ಟಿಕೊಳ್ಳುವ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಕೈಯಲ್ಲಿ ಸಲಾಕೆ ಹಿಡಿದು, ಎಲುಬಿಗೆ ಒತ್ತಿಕೊಂಡು ಕೇಳಿದ ಗುದ್ದನ್ನೇ ಕೇಳಲಿಲ್ಲ ಎಂದರೆ! ಅಷ್ಟು ಜನರ ಮುಂದೆ ಹೇಳುವ ಧೈರ್ಯ ಬರಲಿಲ್ಲ. ಎಂಜಿನ್ನು ಆರಿಸಿ, ಮುದುಕರನ್ನೂ ಮಗನನ್ನೂ ಜಟಕಾದ ಮರೆಗೆ ಕರೆದುಕೊಂಡು ಹೋಗಿ ಹೇಳಿದೆ.

“ಕಾಯಿಲೆ ಐತಾ?” ಅಂದರು ಮುದುಕರು.

“ಇದೆ ಯಜಮಾನ್ರೇ. ಎಷ್ಟು ಅಂತ ಹೊಟ್ಟೆ ಬಿಚ್ಚಿ ನೋಡದೆ ಹೇಳಕ್ಕಾಗಲ್ಲ.”

ಇಲ್ಲಿ ಬಿಟ್ಟುಬಿಡಬಹುದಿತ್ತು. ಬೇರೆ ಯಾರದೇ ಕಾರಾಗಿದ್ದರೆ ಬೇಡ ಎಂದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಬೇರೆ ಕಾರು ಇವರಿಗೆ ಸಿಗುವಂತಿರಲಿಲ್ಲ, ಮಗನ ಎದೆ ಕಾಯುವಂತಿರಲಿಲ್ಲ. ಬೇರಿಂಗೊಂದೇ ಹೋಗಿದ್ದರೆ ನಾನೇ ಲೋಹ ಎರೆದು ಕೂರಿಸಬಲ್ಲೆ, ಅದು ನನ್ನ ಕೈಯೊಳಗಿನ ವಿದ್ಯೆ. ದೊರೆಯ ಹತ್ತಿರ ಹೋಗಿ ಎಂಜಿನ್ನು ಬಿಚ್ಚಲು ಅಪ್ಪಣೆ ಕೇಳಿದೆ. ಕೊಳ್ಳುವ ಮುಂಚೆ ಎಂಜಿನ್ನು ಬಿಚ್ಚುತ್ತೇನೆ ಎಂದರೆ ಯಾವ ದೊರೆ ಒಪ್ಪುತ್ತಾನೆ? ಈತ ಒಪ್ಪಿದ. ಗುದ್ದಿನ ವಿಷಯ ಹೇಳಿದಾಗ ಹುಬ್ಬೇರಿಸಿ ಶೆಡ್ಡಿನ ಕಡೆ ನೋಡಿದ. ಅವನೂ ಆ ಮಿಲ್ಲಿನ ಪಕ್ಕದಲ್ಲೇ ಇಷ್ಟು ವರ್ಷ ಮಲಗಿ ಎದ್ದವನು, ಅವನಿಗೂ ಕೇಳಿಸಿರಲಿಲ್ಲ.

“ಸಂಡೇ ಬಿಚ್ಚು. ಸಾಯಂಕಾಲಕ್ಕೆ ಮೊದಲಿದ್ದ ಹಾಗೇ ಮುಚ್ಚಿಡು,” ಎಂದ.

ಆ ಭಾನುವಾರ ಗಾಳಿ ಜೋರಿತ್ತು. ಮಿಲ್ಲಿನಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಬೂದಿ ಬಣ್ಣದ ಪುಡಿಯನ್ನು ಗುಡ್ಡದ ಹಾಗೆ ಸುರಿದಿದ್ದರಲ್ಲ, ಸೈನೈಡ್ ದಿಬ್ಬ ಎಂದು ನಾವು ಅನ್ನುವುದು, ಅದು ಆ ಶೆಡ್ಡಿಗೆ ಎದುರಾಗಿಯೇ ಇತ್ತು. ಪುಡಿ ಎದ್ದು ಕಣ್ಣಿಗೆ ಬರುತ್ತಿತ್ತು. ಮಗ ಶೆಡ್ಡಿನ ಬಾಗಿಲಿಗೆ ಗೋಣಿ ಕಟ್ಟಿದ, ಮುದುಕರು ಒಂದು ಮೂಲೆಯಲ್ಲಿ ಕೂತರು. ನಾನು ಕಾರಿನ ಕೆಳಗೆ ಚಾಪೆ ಹಾಕಿ ಮಲಗಿದೆ. ಎಣ್ಣೆ ಬಸಿದು, ಎಂಜಿನ್ನಿನ ತಳದಲ್ಲಿರುವ ಎಣ್ಣೆ ತಟ್ಟೆಯ ಬೋಲ್ಟುಗಳನ್ನು ಸಡಿಲಿಸಿ, ಮಗನಿಗೆ ಒಂದು ಕಡೆ ಹಿಡಿಯಲು ಹೇಳಿ ಮೆಲ್ಲಗೆ ಇಳಿಸಿದೆ.

ತಟ್ಟೆಯ ತಳದಲ್ಲಿ ಬೂದು ಬಣ್ಣದ ಕೆಸರು ಕೂತಿತ್ತು. ಎರಡು ಬೆರಳಲ್ಲಿ ತೆಗೆದು ಉಜ್ಜಿದೆ. ಜಿಡ್ಡಿನೊಳಗೆ ಕರಕರ ಅಂದಿತು.

ಮಗ ಬಗ್ಗಿ ನೋಡಿದ. ತಾನೂ ಬೆರಳಿಗೆ ತೆಗೆದುಕೊಂಡು ಉಜ್ಜಿದ. “ಅಣ್ಣ, ಇದು ದಿಬ್ಬದ್ದು,” ಅಂದ.

ದಿಬ್ಬದ್ದೇ. ಜಾಲರಿ ಇಲ್ಲದ ಬಾಯಿಂದ ವರ್ಷಗಟ್ಟಲೆ ಎಂಜಿನ್ನು ಆ ಕಲ್ಲಿನ ಪುಡಿಯನ್ನು ಉಸಿರಾಡಿತ್ತು. ಗಾಳಿಯ ಜೊತೆ ಒಳಗೆ ಹೋದದ್ದು ಸಿಲಿಂಡರನ್ನು ತೇಯ್ದು, ಎಣ್ಣೆಗೆ ಇಳಿದು, ಎಣ್ಣೆಯ ಜೊತೆ ಬೇರಿಂಗಿಗೆ ಹೋಗಿತ್ತು. ಮೂರನೆಯದಕ್ಕೆ ಎಣ್ಣೆ ಹೋಗುವ ತೂತು ಅರ್ಧ ಕಟ್ಟಿಕೊಂಡಿತ್ತು. ಅಲ್ಲೇ ಯಾಕೆ ಹೆಚ್ಚು ಸವೆಯಿತು ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಬೇರಿಂಗಿನ ಮುಚ್ಚಳ ಬಿಚ್ಚಿದರೆ ಒಳಗಿನ ಬಿಳಿ ಲೋಹ ಹುರಿಗಡಲೆಯ ಸಿಪ್ಪೆಯ ಹಾಗೆ ಉದುರಿತು.

ಆದರೂ ನನಗೆ ಧೈರ್ಯವೇ ಬಂತು. ಕ್ಯಾಲಿಪರು ಹಿಡಿದು ಕ್ರ್ಯಾಂಕಿನ ಆ ಭಾಗ ಅಳೆದೆ. ಮೊಟ್ಟೆಯಾಕಾರಕ್ಕೆ ಸವೆದಿತ್ತು, ಆದರೆ ಕೈಯಲ್ಲೇ ತೇಯ್ದು ಗುಂಡಗೆ ಮಾಡಬಹುದಾದಷ್ಟು. “ಇದನ್ನ ಮಾಡ್ಬಹುದು,” ಎಂದು ಕಾರಿನ ಕೆಳಗಿನಿಂದಲೇ ಕೂಗಿ ಹೇಳಿದೆ. “ಲೋಹ ಕರಗಿಸಕ್ಕೆ ಇದ್ದಿಲು ಬೇಕು, ಎರೆಯೋ ಅಚ್ಚಿಗೆ ಒಂದು ಕೊಳವೆ ಬೇಕು. ಎರಡು ಭಾನುವಾರದ ಕೆಲಸ.”

“ಇದ್ಲು ನಾ ತತ್ತೀನಿ, ಎಷ್ಟು ಬೇಕೇಳು!” ಎಂದು ಮುದುಕರು ಎದ್ದು ನಿಂತರು. ಮಗ ನಗುತ್ತಾ ಕೆಮ್ಮಿದ, ಕೆಮ್ಮುತ್ತಾ ನಕ್ಕ.

ಸುಮ್ಮನೆ ಮುಚ್ಚಿಬಿಡಬಹುದಿತ್ತು ಅಲ್ಲಿಗೆ. ಆದರೆ ಕೈಯ ಅಭ್ಯಾಸ ಬಿಡುವುದಿಲ್ಲ. ಸಡಿಲ ಬೇರಿಂಗಿನಲ್ಲಿ ಇಷ್ಟು ದಿನ ಗುದ್ದಿಸಿಕೊಂಡ ಕ್ರ್ಯಾಂಕು ನೆಟ್ಟಗಿದೆಯೇ? ಅದನ್ನು ಸೀಮೆಎಣ್ಣೆಯಲ್ಲಿ ತೊಳೆದೆ, ಬಟ್ಟೆಯಲ್ಲಿ ಒಣಗುವವರೆಗೆ ಒರೆಸಿದೆ, ಮೇಲೆ ಸುಣ್ಣದ ಪುಡಿ ಸವರಿದೆ. ಲೋಹದಲ್ಲಿ ಕಣ್ಣಿಗೆ ಕಾಣದ ಸೀಳಿದ್ದರೆ ಅದರೊಳಗೆ ಹೊಕ್ಕ ಸೀಮೆಎಣ್ಣೆ ಒರೆಸಿದರೂ ಹೋಗುವುದಿಲ್ಲ, ಮೆಲ್ಲಗೆ ಹೊರಗೆ ಬಂದು ಸುಣ್ಣವನ್ನು ಒದ್ದೆ ಮಾಡುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿ ಕಾದೆ.

ಮೂರನೆಯದರ ಮೂಲೆಯಲ್ಲಿ, ಕ್ರ್ಯಾಂಕು ತಿರುವು ತೆಗೆದುಕೊಳ್ಳುವ ಕಡೆ, ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು.

ಒರೆಸಿದೆ. ಮತ್ತೆ ಸವರಿದೆ. ಮತ್ತೆ ಅದೇ ಜಾಗದಲ್ಲಿ ಬಂತು. ಮತ್ತೊಮ್ಮೆ ಮಾಡಿದೆ. ಬರಬೇಡ ಎಂದು ಬಾಯಿಬಿಟ್ಟು ಹೇಳಿದೆನೋ ಏನೋ, ಮಗ “ಏನಣ್ಣಾ?” ಎಂದು ಕೆಳಗೆ ಬಗ್ಗಿದ. ಗೆರೆ ಬಂತು.

ಸೀಳಿದ ಕ್ರ್ಯಾಂಕಿಗೆ ಮದ್ದಿಲ್ಲ. ಬೆಸುಗೆ ನಿಲ್ಲುವುದಿಲ್ಲ. ಸೀಮೆಯಿಂದ ಹೊಸದು ತರಿಸಬೇಕು, ಅದು ಸಿಕ್ಕರೂ ಕಾರಿಗಿಂತ ಮೇಲಾಗುತ್ತದೆ. ಚಾಪೆಯಿಂದ ಎದ್ದು ಬಂದು ಇಬ್ಬರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ದೊರೆಯನ್ನೂ ಕರೆದು ತೋರಿಸಿದೆ. ದೊರೆ ತೆವಳಿ ನೋಡಿ, ಎದ್ದು, ಮಂಡಿ ಕೊಡವಿಕೊಂಡು, ಸಾರಿ ಎಂದು ಹೇಳಿ ಒಳಗೆ ಹೋದ.

“ಎಷ್ಟು ದಿನ ಓಡ್ತದಣ್ಣ?” ಎಂದು ಕೇಳಿದ ಮಗ.

“ಹೇಳಕ್ಕಾಗಲ್ಲ ಕಣೋ. ನಾಳೆನೇ ಮುರೀಬಹುದು. ನಿಧಾನಕ್ಕೆ ಓಡಿಸಿದರೆ ಒಂದಷ್ಟು ದಿನ ತಾಳಲೂಬಹುದು.”

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ನನ್ನ ಬಾಯಿಂದ ಬೇರೆ ಬರಲಿಲ್ಲ, ಯಾಕೆಂದರೆ ನಿಜವೇ ಅದು.

ಮಗ ಬೆರಳಿಗೆ ಹತ್ತಿದ್ದ ಬೂದು ಜಿಡ್ಡನ್ನು ಗೋಣಿಗೆ ಒರೆಸಿದ. “ನಂಗೂ ಡಾಕ್ಟ್ರು ಇಂಗೇ ಅಂದ್ರು,” ಅಂದ.

ಮುದುಕರು ನನ್ನ ಎರಡೂ ಕೈ ಹಿಡಿದುಕೊಂಡರು. “ಮೇಸ್ತ್ರೀ, ಲೋಹ ಎರ್ದು ಕೂರ್ಸು. ನಾ ತಗೋತೀನಿ. ಒಂದ್ ತಿಂಗ್ಳು ಓಡ್ಲಿ, ಒಂದ್ ತಿಂಗ್ಳು ಇವ್ನು ಮ್ಯಾಲಿರ್ತಾನೆ. ಮುರ್ದಾಗ ನೋಡ್ಕಂಡ್ರಾಯ್ತು.”

“ಮುರ್ದಾಗ ಏನ್ ನೋಡ್ಕಂತೀಯಪ್ಪ?” ಅಂದ ಮಗ. ದನಿ ಏರಿಸಲಿಲ್ಲ. “ಕುದ್ರೆ ಇರಲ್ಲ, ಗಾಡಿ ಇರಲ್ಲ. ಗಣೀಲಿ ನನ್ ಎಸ್ರು ಇರಲ್ಲ. ಮನೆ ಇರಲ್ಲ. ನನ್ ಎಂಡ್ತೀನೂ ಕೂಸ್ನೂ ಎಲ್ಲಿಟ್ಕಂತೀಯ?”

“ನೀ ಸುಮ್ಕಿರ್ಲಾ!” ಎಂದು ಮುದುಕರು ಗದರಿದರು. ಆಮೇಲೆ ನನ್ನ ಕಡೆ ತಿರುಗಿದರು. “ನಿನ್ ತಮ್ಮ ಆಗಿದ್ರೆ ಏನೇಳ್ತಿದ್ದೆ? ಅದ್ನೇಳು.”

ಮಿಲ್ಲು ಕುಟ್ಟುತ್ತಲೇ ಇತ್ತು. ಗೋಣಿಯ ಸಂದಿನಿಂದ ದಿಬ್ಬದ ಪುಡಿ ಒಳಗೆ ಬರುತ್ತಿತ್ತು. ಎರಡು ಲೆಕ್ಕವೂ ನನ್ನ ಮುಂದಿದ್ದವು. ಕೊಂಡರೆ ಒಂದು ದಿನ ಕ್ರ್ಯಾಂಕು ಮುರಿದು ಇಡೀ ಸಂಸಾರ ಬೀದಿಗೆ ಬರುತ್ತದೆ. ಕೊಳ್ಳದಿದ್ದರೆ ಇವನು ನಾಳೆ ಪಾಳಿಗೆ ಕೆಳಗೆ ಇಳಿಯುತ್ತಾನೆ. ಯಾವುದು ಸರಿ ಎಂದು ನನಗೆ ಆಗಲೂ ಗೊತ್ತಿರಲಿಲ್ಲ. ಆದರೆ ನನ್ನನ್ನು ಕರೆದದ್ದು ಕಾರು ನೋಡಲು. ಕಾರಿನ ವಿಷಯದಲ್ಲಿ ನನಗೆ ಅನುಮಾನ ಇರಲಿಲ್ಲ.

“ಬೇಡ ಯಜಮಾನ್ರೇ,” ಅಂದೆ. “ತಮ್ಮನಾಗಿದ್ರೂ ಬೇಡ ಅಂತಿದ್ದೆ.”

ಮುದುಕರು ಕೈ ಬಿಟ್ಟರು. ಶೆಡ್ಡಿನ ಗೋಡೆಗೆ ಒರಗಿ ಕುಕ್ಕುರುಗಾಲಿನಲ್ಲಿ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಆ ತುತ್ತನ್ನು ತಟ್ಟಿ ಬೀಳಿಸಿದ ಕೈ ನನ್ನದು.

ಮಾತು ಕೊಟ್ಟಿದ್ದಂತೆ ಮುಚ್ಚುವ ಕೆಲಸ ಉಳಿದಿತ್ತು. ಎಣ್ಣೆ ತಟ್ಟೆಯನ್ನು ತೊಳೆದು, ಕಟ್ಟಿದ್ದ ತೂತನ್ನು ತಂತಿ ಹಾಕಿ ಬಿಡಿಸಿ, ರಟ್ಟಿನ ಹೊಸ ಗ್ಯಾಸ್ಕೆಟ್ಟು ಕತ್ತರಿಸಿದೆ. ವರ್ಕ್‌ಶಾಪಿನಿಂದ ತಂದಿದ್ದ ಹಳೇ ಬೇರಿಂಗು ಚಿಪ್ಪನ್ನು ಹೇಗೋ ಹೊಂದಿಸಿ ಕೂರಿಸಿದೆ, ದೊರೆಯ ಕಾರನ್ನು ಬಿಚ್ಚಿದವನು ಕೆಡಿಸಿಟ್ಟ ಅನ್ನಿಸಿಕೊಳ್ಳಬಾರದಲ್ಲ. ಬೋಲ್ಟುಗಳನ್ನು ಮಗನೇ ಬಿಗಿದ. ನಾನು ಹೇಳದಿದ್ದರೂ ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ, ತಟ್ಟೆ ಸೊಟ್ಟಗಾಗದಂತೆ ಬಿಗಿದ. ನಡುನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದ. ಮುಗಿದ ಮೇಲೆ ಬಟ್ಟೆ ತೆಗೆದುಕೊಂಡು ಕಾರಿನ ಮೈ ಒರೆಸಿದ. ಬಿಡು ಮಾರಾಯ, ನಮ್ಮದೇನಲ್ಲವಲ್ಲ ಎಂದೆ. ಅವನು ಒರೆಸುತ್ತಲೇ ಇದ್ದ.

ಕಾರನ್ನು ಬೆಂಗಳೂರಿನ ಯಾರೋ ಕಂಟ್ರಾಕ್ಟರು ಕೊಂಡರು ಎಂದು ಆಮೇಲೆ ತಿಳಿಯಿತು. ಗೆರೆಯ ವಿಷಯ ದೊರೆ ಅವರಿಗೆ ಹೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಮಗ ಕೆಳಗೆ ಇಳಿಯುತ್ತಲೇ ಇದ್ದ. ಕೆಲವು ತಿಂಗಳಿಗೆ ಏಣಿ ಹತ್ತಲು ಆಗದೆ ಒಂದು ದಿನ ಕೆಳಗೇ ಕೂತುಬಿಟ್ಟ, ಜೊತೆಯವರು ಹೊತ್ತು ತಂದರು. ಮುಂದಿನ ಯುಗಾದಿಯ ಹೊತ್ತಿಗೆ ಅವನು ಇರಲಿಲ್ಲ. ಮನೆ ಖಾಲಿ ಮಾಡಿಸಿದ ದಿನ ಪಾತ್ರೆಪಗಡ ಸಾಗಿಸಲು ಬಂದದ್ದು ಅಪ್ಪನ ಜಟಕಾವೇ. ಸೊಸೆ, ಮೊಮ್ಮಗು ಅದರಲ್ಲೇ ಹೋದರು.

ವರ್ಷದ ತಿಥಿಗೆ ಕರೆಯಲು ಮುದುಕರು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂತು ನೀರು ಕುಡಿದರು. ಊರಿನ ವಿಷಯ, ಮೇವಿನ ವಿಷಯ ಮಾತಾಡಿದರು. ಎದ್ದು ಹೊರಡುವಾಗ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ನಿಂತರು.

“ಮೇಸ್ತ್ರೀ, ಆ ಕಾರು ನೋಡ್ದೆ.”

“ಎಲ್ಲಿ?” ಎಂದೆ.

“ನಮ್ ಸ್ಟೇಷನ್ ಮುಂದೇನೇ ಓಯ್ತು. ಇಂದ್ಗಡೆ ಸೀಟಲ್ಲಿ ಇಬ್ರು ಕೂತಿದ್ರು. ಬಿರ್ರನೆ ಓಯ್ತು.”

“ಸದ್ದು ಇತ್ತಾ ಯಜಮಾನ್ರೇ?”

“ಇತ್ತು. ಆದ್ರೂ ಓಡ್ತಾ ಐತೆ.”

ಸೀಳು ಒಂದೇ ಸಲ ಬೆಳೆಯುವುದಿಲ್ಲ, ದಿನಾ ಬಾಡಿಗೆ ಎಳೆಯುವ ಭಾರ ಬೇರೆ, ದೊಡ್ಡವರು ಷೋಕಿಗೆ ಓಡಿಸುವುದು ಬೇರೆ ಎಂದೆಲ್ಲ ಹೇಳಲು ಬಾಯಿ ತೆರೆದೆ. ಅರ್ಧಕ್ಕೇ ನಿಲ್ಲಿಸಿದೆ. ಯಾರಿಗೆ ಹೇಳುತ್ತಿದ್ದೇನೆ?

ಮುದುಕರು ನನ್ನ ಭುಜದ ಮೇಲೆ ಕೈ ಇಟ್ಟರು. “ನೀ ಸುಳ್ಳೇಳಿಲ್ಲ, ಅದು ನಂಗೊತ್ತು. ಒಂದ್ ವರ್ಸ ಮ್ಯಾಲಿರ್ತಿದ್ನಲ್ಲಾ ಅಂತ, ಅಷ್ಟೇಯ.”

ಊಟಕ್ಕೆ ತಪ್ಪದೆ ಬಾ, ಮನೆಯವರನ್ನೂ ಕರೆದುಕೊಂಡು ಬಾ ಎಂದು ಇನ್ನೊಮ್ಮೆ ಹೇಳಿ, ಮೆಟ್ಟಿಲು ಇಳಿದು ಹೋದರು.